ಕೂಸು ಅಳಲೆಂದು ಕಾದ ಮಧ್ಯಾಹ್ನ

ಕೂಸುಗಳಿರುವ ಮನೆಯಲ್ಲಿ ಸದ್ದಿರಬೇಕು. ನಮ್ಮಲ್ಲಿ ಇರಲಿಲ್ಲ. ಹುಬ್ಬಳ್ಳಿಯ ಒಂದು ನೂಲಿನ ಮಿಲ್ಲಿನ ಹಿಂಬದಿಯಲ್ಲಿ, ಹತ್ತಿಯ ಗೋದಾಮಿಗೆ ಅಂಟಿಕೊಂಡ ಉದ್ದನೆಯ ತಗಡಿನ ಕೋಣೆಯಲ್ಲಿ, ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ಕೂಸುಗಳನ್ನು ನೋಡಿಕೊಳ್ಳಲೆಂದು ಹೊಸದಾಗಿ ತೊಟ್ಟಿಲಮನೆ ತೆರೆದಿದ್ದರು. ಮೂವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಲ್ಲಿಯ ನರ್ಸು ನಾನು. ತೊಲೆಗೆ ಕಟ್ಟಿದ ಬಟ್ಟೆಯ ತೊಟ್ಟಿಲುಗಳು ಸಾಲಾಗಿ ತೂಗುತ್ತಿದ್ದವು, ಒಳಗಿನ ಕೂಸುಗಳು ಮಲಗಿದರೆ ಮಲಗಿಯೇ ಇರುತ್ತಿದ್ದವು. ನೋಡಲು ಬಂದ ದೊಡ್ಡವರೆಲ್ಲ ಎಷ್ಟು ಶಾಂತವಾಗಿದೆ ಎಂದು ಹೊಗಳಿ, ನನಗೊಂದು ನಮಸ್ಕಾರ ಮಾಡಿ ಹೋಗುತ್ತಿದ್ದರು. ಆ ಶಾಂತಿ ನನಗೆ ಬೇಡವಾಗಿತ್ತು.

ಕಾರಣ ನನಗೆ ಗೊತ್ತಿತ್ತು, ಆಯಾಗೆ ಗೊತ್ತಿತ್ತು, ಮಿಲ್ಲಿನ ಬಾಗಿಲಲ್ಲಿ ಚುರಮುರಿ ಮಾರುವವಳಿಗೂ ಗೊತ್ತಿತ್ತು. ಬಾಳಗುಳಗಿ. ಅಫೀಮಿಗೆ ಜಾಜಿಕಾಯಿ, ಬಜೆ ಇತ್ಯಾದಿ ಸೇರಿಸಿ ಉರುಳಿಸಿದ ಕರಿ ಗುಳಿಗೆ, ಸಾಸಿವೆಗಿಂತ ತುಸು ದೊಡ್ಡದು. ಬೆಳಿಗ್ಗೆ ಪಾಳಿಗೆ ಹೊರಡುವ ಮೊದಲು ಮೊಲೆಹಾಲಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಒರೆಸಿದರೆ ತಾಯಿಗೆ ಮಧ್ಯಾಹ್ನದ ತನಕ ಚಿಂತೆಯಿಲ್ಲ. ಇದನ್ನು ಕೇಳಿ ಮೂಗು ಮುರಿಯುವವರಿಗೆ ಒಂದು ಮಾತು ಹೇಳುತ್ತೇನೆ. ತೊಟ್ಟಿಲಮನೆ ಬರುವ ಮುಂಚೆ ಆ ಹೆಣ್ಣುಮಕ್ಕಳು ಕೂಸನ್ನು ಯಂತ್ರದ ಪಕ್ಕದಲ್ಲೇ ಬುಟ್ಟಿಯಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಕೂಸು ಎಚ್ಚೆತ್ತು ಅಂಬೆಗಾಲಿಟ್ಟರೆ ತಿರುಗುವ ಪಟ್ಟೆಗೆ ಸಿಗುತ್ತದೆ. ಅದು ನಿದ್ದೆಯಲ್ಲಿದ್ದರೆ ಜೀವದಿಂದಿದೆ ಎಂದು ಅವರ ಲೆಕ್ಕ. ತಪ್ಪು ಲೆಕ್ಕವೇ, ಆದರೆ ಪ್ರೀತಿಯಿಲ್ಲದವರ ಲೆಕ್ಕವಲ್ಲ.

ಮೊದಮೊದಲು ನಾನು ಕೇಳಿದರೆ ನಗುತ್ತ ಹೇಳಿಬಿಡುತ್ತಿದ್ದರು. ಆಮೇಲೆ ಮ್ಯಾನೇಜರು ಒಂದು ನಿಯಮ ಮಾಡಿದರು: ಯಾವ ತಾಯಿ ಗುಳಿಗೆ ಕೊಟ್ಟದ್ದು ಗೊತ್ತಾಗುತ್ತದೋ ಅವಳಿಗೆ ಮರುದಿನದಿಂದ ಕೆಲಸವಿಲ್ಲ. ಅವರ ಮನಸ್ಸು ಒಳ್ಳೆಯದೇ ಇತ್ತು. ಕೆಲಸಕ್ಕೆ ಜನ ಹಚ್ಚುವ ಜಾಬರನು ಅದನ್ನು ಗೇಟಿನಲ್ಲಿ ನಿಂತು ಸಾರಿದ. ಮರುದಿನದಿಂದ ಯಾರನ್ನು ಕೇಳಿದರೂ ಒಂದೇ ಉತ್ತರ, ‘ಇಲ್ರೀ ಬಾಯಾರ, ನಾವೆಲ್ಲಿ ಕೊಡತೇವ್ರಿ.’ ಕೂಸುಗಳು ಮಾತ್ರ ಹಿಂದಿನಂತೆಯೇ ಮಲಗುತ್ತಿದ್ದವು.

ಹೀಗಾಗಿ ನನ್ನ ಬೆಳಗಿನ ಕೆಲಸ ಪೊಲೀಸರ ಕೆಲಸವಾಯಿತು. ಒಂದೊಂದೇ ಕೂಸನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಒಯ್ದು, ರೆಪ್ಪೆ ಬಿಡಿಸಿ ಕಣ್ಣಿನ ಪಾಪೆ ನೋಡುತ್ತಿದ್ದೆ. ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಕೊಟ್ಟಿದ್ದಾರೆ ಎಂದು ಅರ್ಥ. ಎಷ್ಟು ಕೊಟ್ಟಿದ್ದಾರೆ, ಯಾವಾಗ ಕೊಟ್ಟಿದ್ದಾರೆ ಎಂಬುದನ್ನು ಕಣ್ಣು ಹೇಳುವುದಿಲ್ಲ. ಅಂಥ ಕೂಸುಗಳನ್ನು ನನ್ನ ಮೇಜಿನ ಹತ್ತಿರದ ತೊಟ್ಟಿಲುಗಳಿಗೆ ಹಾಕಿಸುತ್ತಿದ್ದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಎದ್ದು ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುವುದು, ಅಂಗಾಲು ತಟ್ಟಿ ಎಬ್ಬಿಸುವುದು, ಚಮಚದಲ್ಲಿ ಹಾಲು ಹಾಕುವುದು. ಆಯಾ ನನ್ನನ್ನು ನೋಡಿ ನಗುತ್ತಿದ್ದಳು, ಮಲಗಿದ ಕೂಸನ್ನು ಎಬ್ಬಿಸುವ ನರ್ಸನ್ನು ತಾನು ಎಲ್ಲಿಯೂ ಕಂಡಿಲ್ಲವೆಂದು. ನಗು ನನಗೂ ಬರುತ್ತಿತ್ತು, ಸಂಜೆ ಮಿಲ್ಲಿನ ಭೋಂಗಾ ಊದಿ ಎಲ್ಲ ಕೂಸುಗಳೂ ತಾಯಂದಿರ ಸೊಂಟಕ್ಕೆ ಏರಿದ ಮೇಲೆ.

ಆ ದಿನ ಬೇಸಿಗೆಯ ಬಿಸಿಲು ತಗಡಿನ ಮೇಲೆ ಬಿದ್ದು ಕೋಣೆ ಕಾದಿತ್ತು. ನೂಲು ಸುತ್ತುವ ಖಾತೆಯ ಒಬ್ಬ ಹೆಣ್ಣುಮಗಳ ಗಂಡುಕೂಸು ಬೆಳಿಗ್ಗೆ ಮಂಪರಿನಲ್ಲೇ ಬಂದಿತ್ತು. ಪಾಪೆ ಕಿರಿದಾಗಿತ್ತು. ಕೇಳಿದೆ, ಆಕೆ ಇಲ್ಲವೆಂದು ತಲೆಯಲ್ಲಾಡಿಸಿ ಓಡಿದಳು. ಹೊತ್ತೇರಿದ ಮೇಲೆ ಕೂಸು ತಾನಾಗಿಯೇ ಎಚ್ಚೆತ್ತು ಆಯಾಳ ಬಳೆ ಎಳೆದು ಆಡಿತು, ಹಲ್ಲು ಬರುತ್ತಿದ್ದುದರಿಂದ ಬೆರಳು ಕಚ್ಚಿ ರಂಪ ಮಾಡಿತು. ಇದೊಂದು ಪಾರಾಯಿತು ಎಂದುಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ತಾಯಿ ಬಂದು ಮೊಲೆ ಕುಡಿಸಿದಳು. ಅವಳ ಅತ್ತೆ ದಿನದಂತೆ ರೊಟ್ಟಿಯ ಗಂಟು ತಂದಿದ್ದಳು. ಸೊಸೆ ಉಣ್ಣುವಾಗ ಮುದುಕಿ ಮೊಮ್ಮಗನನ್ನು ಎತ್ತಿಕೊಂಡು ಹೊರಗಿನ ಬೇವಿನ ಮರದ ಕೆಳಗೆ ಅಡ್ಡಾಡಿಸಿದಳು. ಸೊಸೆ ಯಂತ್ರಕ್ಕೆ ಮರಳಿದಳು, ಮುದುಕಿ ಕೂಸನ್ನು ತೊಟ್ಟಿಲಿಗೆ ಹಾಕಿ, ಬಿಸಿಲು ಇಳಿಯಲೆಂದು ಬಾಗಿಲ ಬಳಿಯೇ ಸೆರಗು ಹೊದ್ದು ಕುಳಿತಳು. ನಾನು ಭೇದಿಯಾಗುತ್ತಿದ್ದ ಇನ್ನೊಂದು ಕೂಸಿನ ಆರೈಕೆಯಲ್ಲಿದ್ದೆ.

ಅದನ್ನು ಮುಗಿಸಿ ಕೈ ತೊಳೆದುಕೊಂಡು ಬಂದು ತೊಟ್ಟಿಲಲ್ಲಿ ಇಣುಕಿದೆ. ತುಟಿ ನೀಲಿಗಟ್ಟಿತ್ತು. ಹಣೆ ತಣ್ಣಗೆ, ಜಿಗುಟು ಜಿಗುಟು. ಅಂಗಾಲಿಗೆ ಬೆರಳಿನಿಂದ ಹೊಡೆದೆ, ಕಾಲು ಎಳೆದುಕೊಳ್ಳಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಒಂದು ಉಸಿರು ಬಂತು, ಮುಂದಿನದು ಬರಲಿಲ್ಲ, ಬರಲಿಲ್ಲ, ಆಮೇಲೆ ಬಂತು.

ಕೂಸನ್ನು ಮೇಜಿನ ಮೇಲೆ ಹಾಕಿ, ತಲೆ ಒಂದು ಬದಿಗೆ ಹೊರಳಿಸಿ, ನಾಲಿಗೆ ಹಿಂದೆ ಬೀಳದಂತೆ ಗದ್ದ ಎತ್ತಿ ಹಿಡಿದೆ. ಒದ್ದೆ ಅರಿವೆಯಿಂದ ಎದೆ ಬೆನ್ನು ತಿಕ್ಕಿದೆ. ಆಯಾಳನ್ನು ಡಾಕ್ಟರ ಕಡೆಗೂ ತಾಯಿಯ ಕಡೆಗೂ ಓಡಿಸಿದೆ. ಮಿಲ್ಲಿನ ದವಾಖಾನೆ ಅಂಗಳದ ಆಚೆಯೇ ಇತ್ತು, ಡಾಕ್ಟರು ಊಟದ ಕೈಯಲ್ಲೇ ಬಂದರು. ಅವರ ಬೆನ್ನಿಗೆ ತಾಯಿ, ತಾಯಿಯ ಬೆನ್ನಿಗೆ ಜಾಬರನು.

ಡಾಕ್ಟರು ಕಣ್ಣು ನೋಡಿದರು, ಕುತ್ತಿಗೆ ಬಾಗಿಸಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಅಫೀಮು ಎಂದೇ ಕಾಣುತ್ತದೆ, ಆದರೆ ಮೆದುಳಿನ ಜ್ವರದಲ್ಲೂ ಕೂಸು ಹೀಗೆ ಬೀಳುವುದುಂಟು ಎಂದರು. ಅವರ ಮುಂದಿದ್ದ ಪ್ರಶ್ನೆ ಹೊಟ್ಟೆ ತೊಳೆಯಬೇಕೋ ಬೇಡವೋ ಎಂಬುದು. ಇಷ್ಟು ಸೋತ ಕೂಸಿನ ಗಂಟಲಿಗೆ ರಬ್ಬರು ನಳಿಗೆ ಇಳಿಸಿದರೆ ನೀರು ಪುಪ್ಪುಸಕ್ಕೆ ಹೋಗಿ ಅದರಿಂದಲೇ ಸಾಯಬಹುದು. ಗುಳಿಗೆ ಬೆಳಗಿನದಾಗಿದ್ದರೆ ಅದು ಈಗಾಗಲೇ ರಕ್ತಕ್ಕೆ ಇಳಿದಿದೆ, ತೊಳೆಯುವುದು ವ್ಯರ್ಥ ಅಪಾಯ. ಈಗೀಗ ಕೊಟ್ಟದ್ದಾದರೆ ತೊಳೆಯದೆ ಬಿಡುವುದೇ ಅಪಾಯ. ಯಾವಾಗ, ಎಷ್ಟು. ಇವೆರಡು ಗೊತ್ತಾಗಬೇಕಿತ್ತು.

ಡಾಕ್ಟರು ಒಳ್ಳೆಯವರು, ಆದರೆ ಅವರಿಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಏನು ಕೊಟ್ಟೆ ಎಂದು ತಾಯಿಯ ಮೇಲೆ ಹರಿಹಾಯ್ದರು. ಏನೂ ಇಲ್ಲವೆಂದಳು. ಮತ್ತೆ ಕೇಳಿದರು. ದೇವರ ಆಣೆ, ಕೂಸಿನ ಆಣೆ, ಏನೂ ಇಲ್ಲ. ಹೇಳುವಾಗ ಅವಳು ನೋಡುತ್ತಿದ್ದುದು ಡಾಕ್ಟರನ್ನಲ್ಲ, ಬಾಗಿಲಲ್ಲಿ ನಿಂತ ಜಾಬರನನ್ನು. ಅವಳ ಗಂಡ ಬಹಳ ದಿನದಿಂದ ಕೆಲಸವಿಲ್ಲದೆ ಮನೆಯಲ್ಲಿದ್ದ. ಆ ಮನೆಯ ಒಲೆ ಉರಿಯುತ್ತಿದ್ದುದು ಇವಳ ದುಡಿತದಿಂದಲೇ. ಮೇಜಿನ ಮೇಲೆ ಕೂಸು ಸಾಯುತ್ತಿದೆ, ಇವಳು ಸುಳ್ಳು ಹೇಳುತ್ತಿದ್ದಾಳೆ. ನನಗೆ ಅವಳ ಕಪಾಳಕ್ಕೆ ಬಾರಿಸಬೇಕೆನಿಸಿತು. ಖರೇ ಹೇಳುತ್ತೇನೆ, ಕೈ ಎತ್ತಿಯೂ ಇದ್ದೆ.

ಆ ಎತ್ತಿದ ಕೈಯಲ್ಲೇ ನನಗೆ ನಮ್ಮ ಮನೆ ನೆನಪಾಯಿತು. ಧಾರವಾಡದಲ್ಲಿ ನನ್ನ ತಂದೆ ಸಾಲಿ ಮಾಸ್ತರರು. ದಾರಿಯಲ್ಲಿ ಹೊರಟರೆ ಅರ್ಧ ಊರು ಕೈ ಮುಗಿಯುತ್ತಿತ್ತು. ಅವರ ಬಳಿ ಒಂದು ಚಿಕ್ಕ ಬೆಳ್ಳಿಯ ಡಬ್ಬಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಅದರಿಂದ ಕರಿ ಚೂರೊಂದು ತೆಗೆದು ಹಾಲಿನ ಜೊತೆ ನುಂಗುತ್ತಿದ್ದರು. ಮನೆಯಲ್ಲಿ ಅದಕ್ಕೆ ‘ಅಪ್ಪನ ಸಂಜೆಯ ಔಷಧ’ ಎಂದು ಹೆಸರು. ಎಂದೋ ಹೊಟ್ಟೆಶೂಲೆಗೆಂದು ಯಾರೋ ವೈದ್ಯರು ಕೊಟ್ಟದ್ದು, ಶೂಲೆ ಹೋಗಿ ಔಷಧ ಉಳಿದಿತ್ತು. ಅದು ಮುಗಿದ ದಿನ ಅವರಿಗೆ ಮೇಲಿಂದ ಮೇಲೆ ಆಕಳಿಕೆ, ಸೀನು, ಕಣ್ಣಲ್ಲಿ ನೀರು. ಕೈ ನಡುಗುತ್ತಿತ್ತು. ಅವ್ವ ನಮ್ಮನ್ನೆಲ್ಲ ಹಿತ್ತಿಲಿಗೆ ಅಟ್ಟುತ್ತಿದ್ದಳು. ನರ್ಸಿಂಗ್ ಕಲಿಯುವಾಗ ಪಾಠದಲ್ಲಿ ಆ ಲಕ್ಷಣಗಳನ್ನು ಕೇಳಿ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಮನೆಗೆ ಬಂದು ಒಂದು ಮಾತೂ ಆಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಇನ್ನೊಂದು ಸಂಗತಿಯೆಂದರೆ ಆ ಜಾಬರನೂ ಧಾರವಾಡದವನೇ, ನನ್ನ ತಂದೆಯ ಕೈಯಲ್ಲಿ ಕಲಿತವನು. ನಾನು ಅವನ ಮುಂದೆ ಬಾಯಿ ಬಿಟ್ಟರೆ ಅದು ಸಂಜೆಯ ಗಾಡಿಗೆ ಧಾರವಾಡ ಮುಟ್ಟುತ್ತದೆ. ಅವನನ್ನು ಹೊರಗೆ ಕಳಿಸೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಅವನು ಹೋಗುವವನಲ್ಲ. ಹೋದರೂ ಈ ತಾಯಿಗೆ ಅವನು ಬಾಗಿಲ ಸಂದಿಯಲ್ಲಿ ಇದ್ದಂತೆಯೇ. ಅವನ ಎದುರೇ ಆಡಬೇಕು, ಇಲ್ಲದಿದ್ದರೆ ಆಡಿ ಉಪಯೋಗವಿಲ್ಲ.

ಕೈ ಇಳಿಸಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

“ನಮ್ಮಪ್ಪ ದಿನಾ ಸಂಜೀಕ ಅಫೀಮು ತಗೋತಾರ. ನಾ ಸಣ್ಣಾಕಿ ಇದ್ದಾಗಿಂದ ನೋಡೇನಿ. ಅದಕ್ಕ ಅವರೇನ ಕೆಟ್ಟವರಾಗಿಲ್ಲ, ನೀನೂ ಕೆಟ್ಟಾಕಿ ಅಲ್ಲ. ಕೂಸಿಗೆ ಎಷ್ಟ ಕೊಟ್ಟಿ, ಯಾವಾಗ ಕೊಟ್ಟಿ, ಅಷ್ಟ ಹೇಳವಾ.”

ಆಮೇಲೆ ಜಾಬರನ ಕಡೆ ತಿರುಗಿದೆ. ನನ್ನ ಬಾಯಿ ಮೊದಲೇ ಜೋರು, ಆಗ ಹಿಡಿತದಲ್ಲೂ ಇರಲಿಲ್ಲ. “ಕೆಲಸದಿಂದ ತೆಗಿಯೂದಿದ್ರ ನನ್ನಿಂದ ಸುರು ಮಾಡ್ರಿ. ನಮ್ಮ ಮನ್ಯಾಗೂ ಐತಿ.”

ಜಾಬರನು ನನ್ನನ್ನೇ ನೋಡುತ್ತ ನಿಂತ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಗುಡಿಯಲ್ಲಿ ಏನೋ ಬಿದ್ದು ಒಡೆದಾಗ ಜನ ನೋಡುವ ನೋಟ. ತಾಯಿ ಮೇಜಿನ ಕಾಲು ಹಿಡಿದು ಕೆಳಗೆ ಕುಳಿತಳು. ಬೆಳಿಗ್ಗೆ ಕೊಟ್ಟೆ ಎಂದಳು. ಇಡೀದಲ್ಲ, ಅರ್ಧ. ನಿಯಮ ಬಂದ ಮೇಲೆ ಅರ್ಧಕ್ಕೆ ಇಳಿಸಿದ್ದಳಂತೆ.

ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಡಾಕ್ಟರಿಗೂ ಆಗಲಿಲ್ಲ. ಬೆಳಗಿನ ಅರ್ಧ ಗುಳಿಗೆಯ ಕೂಸು ಹೊತ್ತೇರಿದಾಗ ಎಚ್ಚೆತ್ತು ಬಳೆ ಎಳೆದು ಆಡಿದೆ. ಆಡಿದ ಕೂಸು ಅದೇ ಅರ್ಧಕ್ಕೆ ಈಗ ಹೀಗೆ ಬೀಳಲಾರದು. ಹಾಗಾದರೆ ಇದು ಮೆದುಳಿನ ಜ್ವರವೇ ಎಂದು ಡಾಕ್ಟರು ನಳಿಗೆಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟರು. ಕೂಸಿನ ಉಸಿರಿನ ನಡುವಿನ ತೆರಪು ಹೆಚ್ಚುತ್ತಲೇ ಇತ್ತು. ತಡವಾದಾಗ ನಾನು ತೆಳು ಅರಿವೆ ಹಾಸಿ ಅದರ ಮೂಗು ಬಾಯಿ ಸೇರಿಸಿ ನನ್ನ ಬಾಯಿಯಿಂದ ಮೆಲ್ಲಗೆ ಗಾಳಿ ಊದುತ್ತಿದ್ದೆ, ಹೆರಿಗೆಯಲ್ಲಿ ಉಸಿರಾಡದ ಕೂಸಿಗೆ ಮಾಡುವ ಹಾಗೆ.

ಹಾಗೆ ಊದಿ ತಲೆ ಎತ್ತಿದಾಗ ಮುದುಕಿ ಕಣ್ಣಿಗೆ ಬಿದ್ದಳು. ಇಷ್ಟಾದರೂ ಆಕೆ ಒಂದು ಮಾತು ಆಡಿರಲಿಲ್ಲ, ಎದ್ದು ಹತ್ತಿರ ಬಂದಿರಲಿಲ್ಲ. ಮೊಮ್ಮಗ ಹೀಗೆ ಬಿದ್ದಿರುವಾಗ ಅಳದ ಅಜ್ಜಿಯನ್ನು ನಾನು ಕಂಡಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಯಡಿಕೆಯ ಚಂಚಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಇರುತ್ತದೆ. ಗುಳಿಗೆಯೂ ಇರಬಹುದು.

ಕೂಸನ್ನು ಡಾಕ್ಟರ ಕೈಗೆ ಕೊಟ್ಟು ಹೋಗಿ ಅವಳ ಮುಂದೆ ನೆಲದ ಮೇಲೆ ಕುಳಿತೆ. ಕೊಟ್ಟಿರಾ ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ, ಅಷ್ಟು ದಿನಗಳಲ್ಲಿ ನಾನು ಕಲಿತದ್ದು ಅದೊಂದೇ. ಉಪ್ಪು ಎಷ್ಟು ಹಾಕಿದಿರಿ ಎಂದು ಕೇಳುವ ದನಿಯಲ್ಲಿ ಕೇಳಿದೆ.

“ಆಯೀ, ನೀವೆಷ್ಟ ಕೊಟ್ರಿ?”

ಮುದುಕಿ ಚಂಚಿಯ ದಾರ ಬಿಚ್ಚಿದಳು. ಒಳಗಿನ ಚಿಂದಿಯಲ್ಲಿ ಗುಳಿಗೆಗಳಿದ್ದವು.

“ಒಂದ ಇಡೀದು. ಈಗ, ಗಿಡದ ಬುಡಕ. ಹಲ್ಲಿನ ಬ್ಯಾನಿಗೆ ಅಳತಿತ್ತರೀ. ಈಕಿ ಬಿಟ್ಟೇನಿ ಅಂದಿದ್ಲು, ಮುಂಜಾನಿದು ನನಗ ಗೊತ್ತಿಲ್ಲ.”

ಸೊಸೆ ಅತ್ತೆಯನ್ನು ನೋಡಿದಳು. ಗುಳಿಗೆ ಬಿಟ್ಟಿದ್ದೇನೆ ಎಂದು ಅವಳು ಅತ್ತೆಗೂ ಹೇಳಿದ್ದು, ಮುದುಕಿ ಗೇಟಿನಲ್ಲಿ ಯಾರ ಮುಂದಾದರೂ ಬಾಯಿ ತಪ್ಪಿ ಆಡಿಯಾಳೆಂಬ ಹೆದರಿಕೆಗೆ. ಜಾಬರನಿಗೆ ಮುಚ್ಚಿಟ್ಟದ್ದು ಮನೆಯೊಳಗೂ ಮುಚ್ಚಿಡಬೇಕಾಗಿತ್ತು. ಒಬ್ಬರಿಗೊಬ್ಬರು ಕಾಣದಂತೆ ಇಬ್ಬರೂ ಕೊಟ್ಟಿದ್ದರು, ಇಬ್ಬರೂ ಕೂಸಿನ ಮೇಲಿನ ಜೀವದಿಂದಲೇ.

ಡಾಕ್ಟರು ಆಗಲೇ ನಳಿಗೆ ಎತ್ತಿಕೊಂಡಿದ್ದರು. ಕೂಸನ್ನು ಮಗ್ಗುಲಿಗೆ ಮಲಗಿಸಿ ತಲೆ ಕೆಳಗೆ ಮಾಡಿ ನಾನು ಹಿಡಿದೆ, ಅವರು ನಳಿಗೆ ಇಳಿಸಿದರು. ನೇರಳೆ ಹರಳು ಕರಗಿಸಿದ ಉಗುರುಬೆಚ್ಚಗಿನ ಗುಲಾಬಿ ಬಣ್ಣದ ನೀರನ್ನು ಸ್ವಲ್ಪವೇ ಬಿಡುವುದು, ಹೊರಗೆ ತೆಗೆಯುವುದು. ಹೊಟ್ಟೆಯಲ್ಲಿ ವಿಷವಿದ್ದರೆ ಆ ಗುಲಾಬಿ ಬಣ್ಣ ಸತ್ತು ಕಂದಾಗಿ ಬರುತ್ತದೆ. ಮೊದಲ ಸಲ ಒಡೆದ ಹಾಲಿನ ಜೊತೆ ಕಂದು ನೀರು ಬಂತು, ಅದರಲ್ಲಿ ಕರಿ ಚೂರುಗಳು. ಮತ್ತೆ ಬಿಟ್ಟೆವು, ಮತ್ತೆ ಕಂದು. ಬಿಟ್ಟ ನೀರು ಬಿಟ್ಟ ಬಣ್ಣದಲ್ಲೇ ಮರಳುವ ತನಕ ತೊಳೆದೆವು. ಡಾಕ್ಟರು ಉಸಿರು ಚುರುಕಾಗಲೆಂದು ತೊಡೆಗೊಂದು ಚಿಕ್ಕ ಸೂಜಿ ಚುಚ್ಚಿದರು. ಆಯಾ ಕ್ಯಾಂಟೀನಿನಿಂದ ಹಾಲು ಸಕ್ಕರೆ ಇಲ್ಲದ ಗಟ್ಟಿ ಕಾಫಿ ಕಷಾಯ ತಂದಳು, ಮಂಪರು ಬಿಡಲೆಂದು ಅದನ್ನು ಆರಿಸಿ ಎನಿಮಾದ ಹಾಗೆ ಕೆಳಗಿನಿಂದ ಏರಿಸಿದೆವು. ಆಮೇಲೆ ಮಾಡಲು ಉಳಿದದ್ದು ಉಸಿರು ಕಾಯುವುದು, ನಿಂತಾಗ ಊದುವುದು, ಅಂಗಾಲಿಗೆ ಹೊಡೆಯುವುದು.

ಅಳಬೇಕು, ಅತ್ತರೆ ಗೆದ್ದೆವು ಎಂದರು ಡಾಕ್ಟರು. ನಾನು ಕೂಸಿನ ಗಲ್ಲ ಚಿವುಟಿದೆ. ಕಿವಿ ತಿರುಚಿದೆ. ಅದರ ತಾಯಿಯ ಕಣ್ಣೆದುರೇ ಎಳೆಯ ಅಂಗಾಲು ಕೆಂಪಾಗುವ ತನಕ ಬೆರಳಿಂದ ಹೊಡೆದೆ. ನೀರು ಕುಡಿಯುವ ನೆಪದಲ್ಲಿ ಬೇರೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು, ಜಾಬರನು ಯಾರನ್ನೂ ಕೆಲಸಕ್ಕೆ ಅಟ್ಟಲಿಲ್ಲ. ಬಿಸಿಲು ಬಾಗಿಲಿನಿಂದ ಗೋಡೆಗೆ ಸರಿಯಿತು. ತುಟಿಯ ನೀಲಿ ತುಸು ಇಳಿದ ಹಾಗೆ ಕಂಡಿತು. ನನ್ನ ಆಸೆಯೇ ಹಾಗೆ ಕಾಣಿಸುತ್ತಿದೆಯೇನೋ ಎಂದು ಆಯಾಳನ್ನು ಕರೆದು ನೋಡೆಂದೆ. ಅವಳೂ ಇಳಿದಿದೆ ಎಂದಳು, ಅವಳನ್ನೂ ನಾನು ನಂಬಲಿಲ್ಲ.

ಮೊದಲು ಹುಬ್ಬು ಗಂಟಾಯಿತು. ಆಮೇಲೆ ಗದ್ದ ನಡುಗಿತು, ದನಿಯಿಲ್ಲ. ನಾನು ಇನ್ನೊಮ್ಮೆ ಹೊಡೆದೆ. ಬಾಯಿ ಓರೆಯಾಗಿ, ಬೆಕ್ಕಿನ ಮರಿಯದಷ್ಟು ಸಣ್ಣ ದನಿಯೊಂದು ಬಂತು.

“ಅಳೋ ನಮ್ಮಪ್ಪಾ,” ಎಂದಳು ಮುದುಕಿ. “ಅಳು.”

ಕೂಸು ಅತ್ತಿತು. ಮೆಲ್ಲಗೆ ಅತ್ತಿತು, ಮಲಗಲು ನೋಡಿತು, ನಾವು ಬಿಡಲಿಲ್ಲ, ಸಿಟ್ಟು ಬಂದು ಜೋರಾಗಿ ಅತ್ತಿತು. ಬಾಗಿಲಲ್ಲಿದ್ದ ಹೆಣ್ಣುಮಕ್ಕಳೂ ಅಳುತ್ತಿದ್ದರು. ಡಾಕ್ಟರು ಗೋಡೆಯ ಕಡೆ ಮುಖ ಮಾಡಿ ಕೈ ತೊಳೆಯುತ್ತಲೇ ಇದ್ದರು. ಸಂಜೆಯ ಭೋಂಗಾ ಊದಿದ್ದು ನನಗೆ ಕೇಳಿಸಲೇ ಇಲ್ಲ.

ಮ್ಯಾನೇಜರ ಮುಂದೆ ಮರುದಿನ ನಾನೂ ಡಾಕ್ಟರೂ ನಿಂತೆವು. ನಿಯಮ ಇರುವ ತನಕ ತಾಯಂದಿರು ನಿಜ ಹೇಳುವುದಿಲ್ಲ, ನಿಜ ಹೇಳದಿದ್ದರೆ ತಾನು ಕುರುಡನಂತೆ ಔಷಧ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ನಾನು ಕೇಳಿದ್ದು ಇನ್ನೂ ದೊಡ್ಡದು. ಗುಳಿಗೆಗಳನ್ನು ತೊಟ್ಟಿಲಮನೆಯಲ್ಲೇ ಬೀಗದಲ್ಲಿಡೋಣ, ನಾನೇ ಕೆತ್ತಿ ಕೆತ್ತಿ ದಿನದಿನಕ್ಕೆ ಇಳಿಸಿ ಬಿಡಿಸುತ್ತೇನೆ ಎಂದೆ. ಮಿಲ್ಲಿನಲ್ಲಿ ಅಫೀಮು ಇಡುವುದೇ ಎಂದು ಮ್ಯಾನೇಜರು ಹೌಹಾರಿದರು. ಕೊನೆಗೆ ಡಾಕ್ಟರ ಕಪಾಟಿನಲ್ಲಿ ಇಡಲು ಒಪ್ಪಿದರು. ನಿಯಮವನ್ನು ಅವರು ಹಿಂದೆ ತೆಗೆದುಕೊಳ್ಳಲಿಲ್ಲ, ಜಾಬರನು ಮಾತ್ರ ಅದನ್ನು ಮತ್ತೆ ಸಾರಲಿಲ್ಲ. ನೂಲು ಸುತ್ತುವವಳ ಕೆಲಸ ಉಳಿಯಿತು.

ಕೂಸು ಚೇತರಿಸಿಕೊಂಡು ತೊಟ್ಟಿಲಮನೆಗೆ ಮರಳಿದ ಬೆಳಿಗ್ಗೆ ಬಾಗಿಲಲ್ಲಿ ಸಾಲು ಇತ್ತು. ಹಾಲು ಕುಡಿಯಿತೇ, ಹೊರಕಡೆ ಆಯಿತೇ, ಗುಳಿಗೆ ಎಷ್ಟು, ಹೀಗೆ ಒಂದೇ ಉಸಿರಿನಲ್ಲಿ ಕೇಳಿದೆ. ನೂಲು ಸುತ್ತುವವಳು ಹಿಂದೆ ನಿಂತವರಿಗೆಲ್ಲ ಕೇಳುವಂತೆ ಹಾಲು ಕುಡಿದಿದೆ, ಹೊರಕಡೆ ಆಗಿದೆ, ನೀವು ಕೆತ್ತಿ ಕಳಿಸಿದಷ್ಟೇ ಕೊಟ್ಟಿದ್ದೇನೆ ಎಂದಳು. ಅವಳ ಹಿಂದಿನವಳು ಸುಳ್ಳು ಹೇಳಿದಳು, ಆಕೆಯ ಹಿಂದಿನವಳು ಖರೇ ಹೇಳಿದಳು. ಹಾಗೆಯೇ ನಡೆಯಿತು. ಗುಳಿಗೆ ಇಳಿದ ಕೂಸುಗಳು ಸೀನಿ, ಮೂಗು ಸುರಿಸಿ, ತಗಡು ಹಾರಿಹೋಗುವಂತೆ ಅರಚುತ್ತಿದ್ದವು. ನೋಡಲು ಬಂದ ದೊಡ್ಡವರು ಹೊಗಳುವುದನ್ನು ಬಿಟ್ಟರು.

ಆ ವಾರದ ಕೊನೆಗೆ ನಾನು ಧಾರವಾಡಕ್ಕೆ ಹೋಗಬೇಕಿತ್ತು. ಕೂಸಿನ ಮುಂದೆ ಮರೆತಿದ್ದ ಹೆದರಿಕೆ ಗಾಡಿ ಹತ್ತಿದೊಡನೆ ಬಂದು ಪಕ್ಕದಲ್ಲಿ ಕುಳಿತಿತು. ಜಾಬರನು ನನ್ನನ್ನು ಕೇಳಿದ್ದು ಒಂದೇ ಸಲ, ಮಾಸ್ತರರ ವಿಷಯ ಖರೆಯೇ ಎಂದು. ಹೌದು ಎಂದಿದ್ದೆ. ಆಮೇಲೆ ಅವನು ಎರಡು ಸಲ ಊರಿಗೆ ಹೋಗಿ ಬಂದಿದ್ದ. ಉಣಕಲ್ಲು ದಾಟುವಾಗ ಕೆರೆಯ ಮೇಲೆ ಸಂಜೆಯಾಗುತ್ತಿತ್ತು. ಎದುರು ಬರುವ ಗಾಡಿ ಹತ್ತಿ ತಿರುಗಿ ಹೋಗಿಬಿಡೋಣವೇ ಎನಿಸಿತು. ಎಂಥ ಮಗಳು ನಾನು, ಮನೆಯವರು ಇಷ್ಟು ವರ್ಷ ಮುಚ್ಚಿ ಕಾಪಾಡಿದ್ದನ್ನು ಮಿಲ್ಲಿನ ಬಾಗಿಲಲ್ಲಿ ಚೆಲ್ಲಿದವಳು.

ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಬೆಳ್ಳಿಯ ಡಬ್ಬಿ ಪಕ್ಕದಲ್ಲಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು, “ಆ ಕೂಸು ಹೆಂಗೈತವಾ?”

ಅಂದರೆ ಗೊತ್ತಾಗಿತ್ತು. ಒಳಗೆ ಅವ್ವನ ಪಾತ್ರೆಯ ಸದ್ದು ನಿಂತಿತು. ನಾನು ಅಲ್ಲೇ ಕುಳಿತೆ. ಏನು ಹೇಳಬೇಕೆಂದು ಗಾಡಿಯಲ್ಲಿ ಹೊಂದಿಸಿಕೊಂಡದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಆ ವಾರವೆಲ್ಲ ತೊಟ್ಟಿಲಮನೆಯ ಬಾಗಿಲಲ್ಲಿ ಕೇಳಿ ಕೇಳಿ ರೂಢಿಯಾದ ಮಾತು, ಅದೇ ದನಿ.

“ಛಲೋ ಐತ್ರಿ. ನೀವು ಇವತ್ತ ಎಷ್ಟ ತಗೊಂಡ್ರಿ, ಅಪ್ಪಾ?”

ಅವರು ಡಬ್ಬಿ ತೆರೆದು ಒಂದು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು, ನನಗೆ ಕಾಣುವಂತೆ ದೀಪದ ಬೆಳಕಿಗೆ ಚಾಚಿದರು.

“ಮೊದಲ ಇಡೀ ಕಡ್ಲಿಕಾಳಷ್ಟ ಇತ್ತು. ಈಗ ಜ್ವಾಳದ ಕಾಳಿಗೆ ಬಂದೇನಿ. ನಾಕೈದ ವರ್ಷ ಹಿಡೀತು,” ಎಂದರು. “ಇಷ್ಟ ಇಳಿಸೇನಿ ಅಂತ ಹೇಳಾಕ ಮನ್ಯಾಗ ಯಾರೂ ಇರಲಿಲ್ಲ ನೋಡವಾ.”